ನಾನು ಹುಟ್ಟೇ ಇಲ್ಲವೆಂದ ಅರ್ಜಿ ಯಂತ್ರದ ಸನ್ನಿಧಿಗೆ

ಮಾನ್ಯರೇ,

ಸಿದ್ಧ ಉಡುಪಿನ ಮಳಿಗೆಯ ಗಾಜಿನ ಬಾಗಿಲು ದಾಟಿದೊಡನೆ ಎಡಗಡೆಗೆ, ಕೊಡೆ ಇಡುವ ಬುಟ್ಟಿಗೂ ಕಾವಲುಗಾರರ ಸ್ಟೂಲಿಗೂ ನಡುವೆ, ಹಗಲಿಡೀ ಕೂರದೆ, ಒರಗದೆ, ಒಮ್ಮೆಯೂ ಆಕಳಿಸದೆ ನಿಂತು ಕೆಲಸ ಬೇಡಿ ಬಂದವರ ಅರ್ಜಿ ಸ್ವೀಕರಿಸುತ್ತಿರುವ ತಮಗೆ, ಅರವತ್ತಾರು ವರ್ಷ ತುಂಬಿದ, ಎರಡೂ ಮೊಣಕಾಲು ಸುಸ್ಥಿತಿಯಲ್ಲಿರುವ, ಕನ್ನಡಕ ಹಾಕಿಕೊಂಡರೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಬಲ್ಲ ಹೆಂಗಸೊಬ್ಬಳ ಅನಂತ ನಮಸ್ಕಾರಗಳು. ತಮ್ಮ ಪರದೆ ಸದಾ ಹೊಳೆಯುತ್ತಿರಲಿ, ತಮ್ಮ ತಂತಿ ಯಾರ ಕಾಲಿಗೂ ತೊಡರದಿರಲಿ, ತಮ್ಮ ಬೆನ್ನಿಗೆ ಯಾರೋ ಅಂಟಿಸಿಹೋದ ಚ್ಯೂಯಿಂಗ್ ಗಮ್ಮು ತಾನಾಗಿಯೇ ಉದುರಿಹೋಗಲಿ ಎಂದು ಹಾರೈಸುತ್ತ, ಈ ಬಹಿರಂಗ ಪತ್ರವನ್ನು ತಮ್ಮ ಪಾದಗಳಿಗೆ, ಅಂದರೆ ತಮ್ಮನ್ನು ನೆಲಕ್ಕೆ ಬಿಗಿದಿರುವ ಆ ನಾಲ್ಕು ಬೋಲ್ಟುಗಳಿಗೆ, ಒಪ್ಪಿಸುತ್ತಿದ್ದೇನೆ.

ನನ್ನ ದೂರು ಇಷ್ಟೆ. ತಾವು ನನ್ನ ಒಪ್ಪಿಗೆ ಕೇಳದೆ ನನ್ನನ್ನು ಹತ್ತು ವರ್ಷ ಚಿಕ್ಕವಳನ್ನಾಗಿ ಮಾಡಿದಿರಿ. ಈ ಭಾಗ್ಯಕ್ಕಾಗಿ ಜನ ಮುಖಕ್ಕೆ ಏನೇನೋ ಮೆತ್ತಿಕೊಳ್ಳುತ್ತಾರೆ, ಬೆಳಗಾಗೆದ್ದು ಓಡುತ್ತಾರೆ, ಹಸಿ ಸೌತೆಕಾಯಿಯನ್ನು ಕಣ್ಣ ಮೇಲಿಟ್ಟುಕೊಂಡು ಮಲಗುತ್ತಾರೆ ಎಂಬುದೆಲ್ಲ ನನಗೆ ಗೊತ್ತಿದೆ. ತಾವು ಅದನ್ನು ಪುಕ್ಕಟೆಯಾಗಿ, ನಿಂತ ನಿಲುವಿನಲ್ಲಿ ಮಾಡಿಕೊಟ್ಟಿರಿ, ಅದಕ್ಕೆ ನಾನು ಕೃತಜ್ಞಳು. ಆದರೆ ಆ ಉಪಕಾರದಿಂದ ನನ್ನ ಗಂಡ ಆರೋಪಿಯಾದರು, ನನ್ನ ತಂಗಿ ನನಗೆ ಅಕ್ಕನಾದಳು, ನಾನು ಒಂದು ಹೊಲಿಗೆ ಯಂತ್ರವಾದೆ. ಇಷ್ಟೆಲ್ಲ ಆದ ಮೇಲೂ ತಾವು ಅದೇ ನಗುಮುಖ ಹೊತ್ತು ನಿಂತಿರುವುದನ್ನು ನೋಡಿ, ವಿಷಯ ತಮ್ಮ ಗಮನಕ್ಕೆ ಬಂದಿಲ್ಲವೇನೋ ಎಂಬ ಅನುಮಾನದಿಂದ ಬರೆಯುತ್ತಿದ್ದೇನೆ.

ನನ್ನ ಪರಿಚಯವನ್ನು ಇನ್ನೂರು ಅಕ್ಷರಗಳೊಳಗೆ ಮುಗಿಸಬೇಕೆಂದು ತಾವು ಅಂದು ಅಪ್ಪಣೆ ಕೊಡಿಸಿದ್ದಿರಿ. ಇಲ್ಲಿ ಕಾಗದವೂ ನನ್ನದು, ಶಾಯಿಯೂ ನನ್ನದು, ಆದ್ದರಿಂದ ಸ್ವಲ್ಪ ಧಾರಾಳವಾಗಿಯೇ ಹೇಳಿಕೊಳ್ಳುತ್ತೇನೆ. ಹತ್ತೊಂಬತ್ತನೆಯ ವಯಸ್ಸಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದಕ್ಕೆ ಸೇರಿದ ನಾನು, ಅಲ್ಲಿನ ಉದ್ದನೆಯ ಮೇಜಿನ ಮುಂದೆ ನಲವತ್ತಾರು ವರ್ಷ ನಿಂತು ಬಟ್ಟೆ ಕತ್ತರಿಸಿದೆ. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಡಗೈಗೆ ಉಕ್ಕಿನ ಬಲೆಯ ಗವಸು ತೊಟ್ಟು, ವಿದ್ಯುತ್ ಕತ್ತರಿಯನ್ನು ಆ ಗೆರೆಯ ಮೇಲೆ ನಡೆಸುವಾಗ ಉಸಿರು ಹಿಡಿದಿರಬೇಕು. ಕೈ ಒಂದು ಕೂದಲೆಳೆ ಅತ್ತ ಸರಿದರೆ ನಲವತ್ತು ಜನ ದಾದಿಯರ ತೋಳು ಗಿಡ್ಡವಾಗುತ್ತದೆ. ಅಂಥದ್ದು ನನ್ನ ಕೈಯಿಂದ ಒಂದೇ ಒಂದು ಸಲ ಆಗಿತ್ತು, ಅದೂ ನನ್ನ ಮಗಳು ಹುಟ್ಟುವ ನೋವು ಶುರುವಾದ ದಿನ. ಅಲ್ಲಿ ನನ್ನನ್ನು ಎಲ್ಲರೂ ಕತ್ತರಿಯಮ್ಮ ಎಂದು ಕರೆಯುತ್ತಿದ್ದರು, ಸಂಬಳದ ಚೀಟಿಯ ಮೇಲೆ ಮಾತ್ರ ಬೇರೆ ಹೆಸರಿರುತ್ತಿತ್ತು. ಕಳೆದ ವರ್ಷ, ಬಟ್ಟೆ ಹೊಲಿಯುವುದಕ್ಕಿಂತ ಕಾರ್ಖಾನೆಯ ಜಾಗದಲ್ಲಿ ಮನೆಗಳನ್ನು ಕಟ್ಟಿ ಮಾರುವುದೇ ಮೇಲು ಎಂದು ಮಾಲೀಕರ ಮಕ್ಕಳಿಗೆ ಹೊಳೆಯಿತು. ನನಗೆ ಒಂದು ಹೂಗುಚ್ಛವನ್ನೂ, ಇನ್ನು ಮುಂದೆ ಆರಾಮವಾಗಿರಿ ಎಂಬ ಸಲಹೆಯನ್ನೂ ಕೊಟ್ಟು ಕಳಿಸಿದರು.

ಆರಾಮವಾಗಿರುವುದು ಎಷ್ಟು ದುಬಾರಿ ಎಂಬುದು ಎರಡೇ ತಿಂಗಳಲ್ಲಿ ತಿಳಿಯಿತು. ನಮ್ಮ ಯಜಮಾನರು ಲಿಫ್ಟ್ ರಿಪೇರಿಯವರಾಗಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದ್ದಾರೆ. ಅವರ ಪಿಂಚಣಿ ಔಷಧಿ ಅಂಗಡಿಯ ಮುಂದೆ ಹಾದುಹೋಗುವಷ್ಟರಲ್ಲಿ ಅರ್ಧವಾಗುತ್ತದೆ, ತರಕಾರಿ ಅಂಗಡಿ ದಾಟುವಷ್ಟರಲ್ಲಿ ಮುಗಿಯುತ್ತದೆ. ಮನೆಯ ಬಾಡಿಗೆ ಯಾವತ್ತೂ ನನ್ನ ಸಂಬಳದಿಂದಲೇ ಹೋಗುತ್ತಿತ್ತು. ಮನೆಯ ಮಾಲೀಕರು ಸಜ್ಜನರು, ಬಾಡಿಗೆ ಏರಿಸುವಾಗಲೂ ನಮ್ಮ ಆರೋಗ್ಯ ವಿಚಾರಿಸಿಯೇ ಏರಿಸಿದರು, ಕೊಡಲಾಗದಿದ್ದರೆ ಮೂರು ತಿಂಗಳಲ್ಲಿ ಬಿಡಿ ಎಂದೂ ಮೃದುವಾಗಿಯೇ ಹೇಳಿದರು. ಆಸ್ಪತ್ರೆಯಲ್ಲಿ ದಾದಿಯಾಗಿರುವ ಮಗಳು, ಬಂದುಬಿಡಿ ನಮ್ಮನೆಗೆ ಎಂದು ಮನಸಾರೆ ಕರೆದಳು. ಅವಳದು ಎರಡು ಕೋಣೆಯ ಮನೆ, ಇಬ್ಬರು ಮಕ್ಕಳು. ನಡುಮನೆಯಲ್ಲಿರುವ ಸೋಫಾವನ್ನು ಬಿಚ್ಚಿದರೆ ಹಾಸಿಗೆಯಾಗುತ್ತದೆ, ಬೆಳಗ್ಗೆ ಮಡಚಿಟ್ಟರೆ ಮತ್ತೆ ಸೋಫಾ ಆಗುತ್ತದೆ. ನಮ್ಮಿಬ್ಬರನ್ನು ಬೆಳಗಿನ ಹೊತ್ತು ಎಲ್ಲಿ ಮಡಚಿಡುವುದು ಎಂಬುದನ್ನು ಮಾತ್ರ ಆ ಸೋಫಾ ಮಾಡಿದವರು ಯೋಚಿಸಿರಲಿಲ್ಲ.

ಹೀಗಿರುವಾಗ ತಮ್ಮ ಮಳಿಗೆಯ ಗಾಜಿನ ಮೇಲೆ ಅಂಟಿಸಿದ ಹಳದಿ ಕಾಗದ ನನ್ನ ಕಣ್ಣಿಗೆ ಬಿತ್ತು. ಉಡುಪು ಸರಿಪಡಿಸುವ ಕೌಂಟರಿಗೆ ಅನುಭವಿಗಳು ಬೇಕಾಗಿದ್ದಾರೆ, ವಯಸ್ಸಿನ ಮಿತಿಯಿಲ್ಲ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ಕೋಟಿನ ತೋಳು ಇಳಿಸುವುದು, ಇವೆಲ್ಲ ನಾನು ಯಜಮಾನರ ಜೊತೆ ಜಗಳವಾಡುತ್ತಲೇ ಮಾಡಬಲ್ಲ ಕೆಲಸಗಳು. ಒಳಗೆ ಹೋಗಿ ಕೇಳಿದರೆ, ಅರ್ಜಿ ಏನಿದ್ದರೂ ಅದಕ್ಕೇ ಕೊಡಿ ಎಂದು ಎಲ್ಲರೂ ತಮ್ಮ ಕಡೆಗೆ ಬೆರಳು ಮಾಡಿದರು. ಅಷ್ಟು ಜನರ ನಂಬಿಕೆ ಗಳಿಸಿದ ತಮ್ಮ ಮುಂದೆ ನಾನು ಸೆರಗೋ ಸಂಕೋಚವೋ ಎಲ್ಲವನ್ನೂ ಸರಿಪಡಿಸಿಕೊಂಡು ನಿಂತೆ.

ಹೆಸರು ಕೇಳಿದಿರಿ, ಕೊಟ್ಟೆ. ವಿಳಾಸ ಕೇಳಿದಿರಿ, ಕೊಟ್ಟೆ. ಹುಟ್ಟಿದ ವರ್ಷ ಆರಿಸಿ ಎಂದು ಒಂದು ಪಟ್ಟಿ ಬಿಚ್ಚಿದಿರಿ. ಅಳತೆಯ ಟೇಪಿನ ಹಾಗೆ ಅದು ಸರಸರನೆ ಇಳಿಯುತ್ತ ಹೋಯಿತು. ನನ್ನ ಮೊಮ್ಮಕ್ಕಳ ವರ್ಷ ದಾಟಿತು, ಮಗಳ ವರ್ಷ ದಾಟಿತು, ಮದುವೆಯಾದ ವರ್ಷ ದಾಟಿತು, ಇನ್ನೇನು ನಾನು ಹುಟ್ಟಿಬಿಡುತ್ತೇನೆ ಎನ್ನುವಷ್ಟರಲ್ಲಿ, ಅದಕ್ಕೆ ಹತ್ತು ವರ್ಷ ಈಚೆಗೇ ಗಕ್ಕನೆ ನಿಂತುಬಿಟ್ಟಿತು. ಬೆರಳಿನಿಂದ ಎಳೆದೆ. ಉಗುರಿನಿಂದ ಎಳೆದೆ. ತಮ್ಮ ಪರದೆಯ ಕೆಳಗೆ ಬಗ್ಗಿ, ವರ್ಷಗಳೇನಾದರೂ ಅಲ್ಲಿ ಸಿಕ್ಕಿಕೊಂಡಿವೆಯೇ ಎಂದೂ ನೋಡಿದೆ. ತಮ್ಮ ಪ್ರಕಾರ ಆ ಗಡಿಯ ಆಚೆಗೆ ಭೂಮಿಯ ಮೇಲೆ ಯಾರೂ ಹುಟ್ಟಿರಲೇ ಇಲ್ಲ.

ಆಗ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಕಾವಲುಗಾರರು, ನನಗಿಂತ ಹಿರಿಯರೇ, ಅನುಕಂಪದಿಂದ ನೋಡಿ, “ಅಮ್ಮಾ, ಎಷ್ಟು ಎಳೆದ್ರೂ ಅಷ್ಟೇ. ಅದರ ಕೆಳಗೆ ಏನೂ ಇಲ್ಲ. ನಾನೂ ಎಳೆದು ನೋಡಿದೀನಿ” ಅಂದರು.

“ಮತ್ತೆ ನಿಮಗೆ ಹೇಗೆ ಕೆಲಸ ಸಿಕ್ತು?” ಅಂದೆ.

“ಇದು ಬರೋದಕ್ಕೆ ಮುಂಚೇನೇ ನಾನಿಲ್ಲಿ ಕೂತಿದ್ದೆ. ಎಬ್ಬಿಸೋದು ಮರೆತುಬಿಟ್ಟಿದ್ದಾರೆ.”

ನನ್ನ ಹಿಂದೆ ಐದಾರು ಜನ ನಿಂತಿದ್ದರು, ತಮ್ಮ ಪರದೆಯ ಮೂಲೆಯಲ್ಲಿ ಸಮಯ ಮುಗಿಯುತ್ತಿದೆ ಎಂದು ಕೆಂಪು ಅಂಕಿ ಮಿಟುಕುತ್ತಿತ್ತು. ಜೀವಮಾನದಲ್ಲಿ ಬಟ್ಟೆಯ ಅಳತೆಯಲ್ಲಾಗಲೀ ಮಾತಿನ ಅಳತೆಯಲ್ಲಾಗಲೀ ಸುಳ್ಳು ಹೇಳದ ನಾನು, ಕಣ್ಣು ಮುಚ್ಚಿ ಪಟ್ಟಿಯ ಕಟ್ಟಕಡೆಯ ವರ್ಷವನ್ನು ಒತ್ತಿ ಐವತ್ತಾರು ವರ್ಷದವಳಾದೆ. ಆದರೆ ಸುಳ್ಳಿಗೂ ಅಭ್ಯಾಸ ಬೇಕು ನೋಡಿ, ಮುಂದಿನ ಅಂಕಣಗಳಲ್ಲೆಲ್ಲ ಕೈ ತಾನಾಗಿಯೇ ನಿಜ ಬರೆದುಬಿಟ್ಟಿತು. ಅನುಭವ: ನಲವತ್ತಾರು ವರ್ಷ. ಮದುವೆಯಾಗಿ: ನಲವತ್ಮೂರು ವರ್ಷ. ತಾವು ಒಂದು ಕ್ಷಣವೂ ಯೋಚಿಸದೆ, ಇಂಪಾದ ದನಿಯಲ್ಲಿ, ನಿಮ್ಮ ಭವಿಷ್ಯ ಉಜ್ವಲವಾಗಿರಲಿ ಎಂದು ಹರಸಿ ಕಳಿಸಿದಿರಿ.

ಮನೆಗೆ ಬಂದು ಹೇಳಿದೆ. ಯಜಮಾನರು ಪತ್ರಿಕೆಯಿಂದ ಕಣ್ಣೆತ್ತದೆ, “ಹತ್ತು ವರ್ಷ ಚಿಕ್ಕವಳಾದ್ಯಾ? ನನಗೇನೂ ಅಭ್ಯಂತರ ಇಲ್ಲ ಕಣೇ. ಟೀ ಮಾತ್ರ ಹಳೇ ಥರಾನೇ ಮಾಡು” ಅಂದರು. ಹಿಂದಿನ ಬೀದಿಯಲ್ಲಿರುವ ನನ್ನ ತಂಗಿಗೆ ಸುದ್ದಿ ಮುಟ್ಟಿದ ಕೂಡಲೇ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿ ಬಂದಳು. ಅವಳಿಗೆ ಅರವತ್ತು, ರೈಲು ನಿಲ್ದಾಣದ ಟಿಕೆಟ್ ಕಿಂಡಿಯಲ್ಲಿ ದುಡಿದು ನಿವೃತ್ತಳಾದವಳು, ಅಲ್ಲಿ ಕೂಗಿ ಕೂಗಿ ದೊಡ್ಡದಾದ ದನಿ ಇನ್ನೂ ಇಳಿದಿಲ್ಲ.

“ನನಗೆ ಅರವತ್ತು, ನಿನಗೆ ಐವತ್ತಾರು. ಇನ್ಮೇಲೆ ನನ್ನನ್ನ ಅಕ್ಕ ಅಂತ ಕರಿ” ಅಂದಳು.

“ಹುಚ್ಚು ಹಿಡಿದಿದೆಯೇನೇ ನಿನಗೆ?”

“ಅಕ್ಕನ ಹತ್ರ ಹೀಗಾ ಮಾತಾಡೋದು? ಚಿಕ್ಕೋಳಿದ್ದಾಗ ನಿನ್ನ ಹಳೇ ಫ್ರಾಕುಗಳನ್ನೆಲ್ಲ ನಾನೇ ಹಾಕ್ಕೊಂಡು ಸವೆಸಿದೀನಿ. ತಗೋ, ಈಗ ನನ್ನ ಹಳೇ ಸ್ವೆಟರು ನೀನು ಹಾಕ್ಕೋ” ಎಂದು, ಅದಕ್ಕೆಂದೇ ತಂದಿದ್ದ ಚೀಲವನ್ನು ನನ್ನ ಮಡಿಲಿಗೆ ಹಾಕಿದಳು. ಸ್ವೆಟರು ಬೆಚ್ಚಗಿದೆ, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ನನಗಿಂತ ಆರು ವರ್ಷ ಚಿಕ್ಕವಳು ನನ್ನ ತಲೆ ಸವರಿ ಆಶೀರ್ವಾದವನ್ನೂ ಮಾಡಿದಳು ಎಂಬುದನ್ನು ತಾವು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಆರನೆಯ ದಿನ ತಮ್ಮಿಂದ ಒಂದು ಪೊಟ್ಟಣ ಬಂತು. ಅದರಲ್ಲೊಂದು ಪತ್ರ. ಹತ್ತನೆಯ ವಯಸ್ಸಿಗೇ ಕಾರ್ಖಾನೆಯ ದುಡಿಮೆಗೆ ದೂಡಲ್ಪಟ್ಟ ನಿಮ್ಮ ಬಾಲ್ಯಕ್ಕಾಗಿ ಸಂಸ್ಥೆ ಆಳವಾಗಿ ಮರುಗುತ್ತದೆ ಎಂದು ಬರೆದಿದ್ದಿರಿ. ಐವತ್ತಾರರಲ್ಲಿ ನಲವತ್ತಾರು ಕಳೆದರೆ ಹತ್ತು. ತಮ್ಮ ಗಣಿತದಲ್ಲಿ ತಪ್ಪು ಹುಡುಕಲು ನನ್ನಿಂದಾಗದು. ಕಳೆದುಹೋದ ಬಾಲ್ಯದ ಸಣ್ಣ ಪರಿಹಾರವಾಗಿ ಹನ್ನೆರಡು ಬಣ್ಣದ ಪೆನ್ಸಿಲುಗಳನ್ನೂ, ಆನೆ, ಮೊಲ, ಮೀನುಗಳ ಚಿತ್ರವಿದ್ದು ಬಣ್ಣ ತುಂಬಬಹುದಾದ ಒಂದು ಪುಸ್ತಕವನ್ನೂ ಇಟ್ಟಿದ್ದಿರಿ. ತಮ್ಮ ಅಂತಃಕರಣ ಎಷ್ಟು ಮೃದುವೆಂದರೆ, ಪೆನ್ಸಿಲುಗಳನ್ನು ಚೂಪು ಕೂಡ ಮಾಡಿಸಿದ್ದಿರಿ. ಎರಡನೆಯ ಹಾಳೆಯಲ್ಲಿ ಮಾತ್ರ ದನಿ ಬದಲಾಗಿತ್ತು. ಹದಿಮೂರನೆಯ ವಯಸ್ಸಿನಲ್ಲಿ ನಡೆದಿರುವ ಮದುವೆಯ ಬಗ್ಗೆ ಪತಿಯವರನ್ನು ವಿಚಾರಿಸಬೇಕಾಗಿದೆ, ನಮ್ಮ ಕ್ಷೇಮಪಾಲನಾ ಅಧಿಕಾರಿ ಮನೆಗೆ ಬರುತ್ತಾರೆ, ಅಲ್ಲಿಯವರೆಗೆ ಅರ್ಜಿ ತನಿಖೆಯಲ್ಲಿರುತ್ತದೆ ಎಂದಿತ್ತು.

ನಾನು ಓದಿ ಹೇಳಿದ್ದನ್ನೆಲ್ಲ ಯಜಮಾನರು ಗಂಭೀರವಾಗಿ ಕೇಳಿಸಿಕೊಂಡರು. “ಹಿಡ್ಕೊಂಡು ಹೋಗೋರು ಊಟಕ್ಕೆ ಮುಂಚೆ ಬರ್ತಾರೋ ಆಮೇಲೆ ಬರ್ತಾರೋ ಕೇಳಿಟ್ಕೋ” ಅಂದವರೇ ಪೆನ್ಸಿಲಿನ ಡಬ್ಬಿ ಬಿಚ್ಚಿ, ಆನೆಗೆ ನೀಲಿ ಬಣ್ಣ ಹಚ್ಚಲು ಕೂತರು. ನಾನೂ ತಂಗಿಯೂ ಗೋಡೆ ಹಿಡಿದುಕೊಂಡು ನಕ್ಕೆವು, ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳುವಷ್ಟು ನಕ್ಕೆವು. ನಗು ಇಳಿದ ಮೇಲೆ ಅದೇ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಮನೆ ಬಿಡಬೇಕಾದ ದಿನಕ್ಕೆ ಇನ್ನು ಎರಡೇ ವಾರ ಇತ್ತು. ನಿಜ ಹೇಳಿದರೆ ನಾನು ಹುಟ್ಟಿಲ್ಲ, ಹುಟ್ಟಿದೆನೆಂದರೆ ಸುಳ್ಳುಗಾತಿ. ಎರಡರಲ್ಲಿ ಯಾವುದಾದರೂ ಕೆಲಸ ಸಿಗುವುದಿಲ್ಲ. ನಾನು ಸದ್ದಿಲ್ಲದೆ ಅಟ್ಟದಿಂದ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿ, ಪಾತ್ರೆಗಳನ್ನು ತುಂಬತೊಡಗಿದೆ. ಯಜಮಾನರು ನೋಡಿದರು. ಅವರ ಆನೆಯ ಸೊಂಡಿಲು ಅಂದು ಗೆರೆ ದಾಟಿ ಹೋಗಿತ್ತು.

ಅಧಿಕಾರಿ ಬಂದವರು ಒಬ್ಬ ಹೆಂಗಸು. ಕೂದಲು ಬೂಟ್ ಪಾಲಿಶಿನಷ್ಟು ಕಪ್ಪು, ಕೈಯಲ್ಲಿ ಕಡತ, ಮೈಮೇಲೆ ಎಡಭುಜ ಜೋಲುತ್ತಿದ್ದ ಒಂದು ಬೂದು ಕೋಟು. ಕುರ್ಚಿಯ ತುದಿಯಲ್ಲಿ ಕೂತು, ಕಾಗದವನ್ನು ತೋಳಿನಷ್ಟು ದೂರ ಹಿಡಿದು ಓದಿದರು. “ಮೇಡಂ, ಹತ್ತನೇ ವಯಸ್ಸಲ್ಲಿ ನಿಮ್ಮನ್ನ ಕಾರ್ಖಾನೆಗೆ ಸೇರಿಸಿದ್ದು ಯಾರು?”

“ನಿಮ್ಮ ಅಂಗಡಿ ಬಾಗಿಲಲ್ಲಿ ನಿಂತಿದೆಯಲ್ಲ, ಅದು” ಅಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಹೇಳುವಾಗ ನನ್ನ ಕಣ್ಣು ಮಾತ್ರ ಅವರ ಭುಜದ ಮೇಲೆಯೇ ಇತ್ತು. ನಲವತ್ತಾರು ವರ್ಷದ ರೋಗ ಅದು, ಜೋಲುವ ಭುಜ ಕಂಡರೆ ನನಗೆ ಹಲ್ಲು ಜುಮ್ಮೆನ್ನುತ್ತದೆ. ಕೊನೆಗೆ ತಡೆಯಲಾರದೆ, “ಆ ಕೋಟು ಬಿಚ್ಚಿಕೊಡಿ” ಅಂದೆ.

ಅವರು ಗಾಬರಿಯಾಗಿ ಬಿಚ್ಚಿಕೊಟ್ಟರು. ನಾನು ಭುಜದ ಹೊಲಿಗೆ ಬಿಚ್ಚಿ, ಒಳಗಿನ ಮೆತ್ತೆ ಸರಿಸಿ, ಗುಂಡುಸೂಜಿ ಚುಚ್ಚಿ ಮತ್ತೆ ಕೂಡಿಸುವವರೆಗೆ ಅವರು ಯಜಮಾನರ ಆನೆಯನ್ನು ನೋಡುತ್ತ ಕೂತಿದ್ದರು. ಆಮೇಲೆ ಯಾರಿಗೋ ಹೇಳುವಂತೆ, “ನಂಗೆ ಐವತ್ತೊಂಬತ್ತು. ಅದರಲ್ಲಿ ನಲವತ್ತೆಂಟು ಅಂತಿದೆ” ಅಂದರು.

ತಾವು ಮಳಿಗೆಗೆ ಬಂದಾಗ ಹಳಬರೆಲ್ಲರೂ ಹೊಸದಾಗಿ ವಿವರ ತುಂಬಬೇಕಾಯಿತಂತೆ. ಇವರ ವರ್ಷವೂ ಪಟ್ಟಿಯಲ್ಲಿರಲಿಲ್ಲ. ಸುಳ್ಳು ಹೇಳುವುದೇ ಆದರೆ ಜಿಪುಣತನ ಯಾಕೆಂದು ಹನ್ನೊಂದು ವರ್ಷ ಇಳಿಸಿಬಿಟ್ಟರಂತೆ. ಅವತ್ತಿನಿಂದ ಭಾನುವಾರವೆಲ್ಲ ಕೂದಲಿಗೆ ಬಣ್ಣ, ಕಚೇರಿಯಲ್ಲಿ ಕನ್ನಡಕ ಹಾಕುವಂತಿಲ್ಲ, ನಾಲ್ಕು ಮಹಡಿಯನ್ನು ಮೆಟ್ಟಿಲಲ್ಲೇ ಹತ್ತಬೇಕು, ಹಳೆಯ ಹಾಡು ಕೇಳಿಬಂದರೆ ಕಾಲು ತಾಳ ಹಾಕದಂತೆ ನೋಡಿಕೊಳ್ಳಬೇಕು. ಲಿಫ್ಟಿನ ವಿಷಯ ಕೇಳಿ ಯಜಮಾನರು ವೃತ್ತಿಯ ಅಭಿಮಾನದಿಂದ ನೊಂದುಕೊಂಡರು. “ನಾನು ನಿಜ ಬರೆದ್ರೆ ನಿಮ್ಮ ಅರ್ಜಿ ಬಿದ್ದುಹೋಗತ್ತೆ, ಆಮೇಲೆ ಎಲ್ಲರ ವಯಸ್ಸೂ ಕೆದಕ್ತಾರೆ. ಸುಳ್ಳು ಬರೆದ್ರೆ ನಿಮ್ಮ ಯಜಮಾನ್ರು ಕಟಕಟೆ ಹತ್ತಬೇಕು” ಎಂದು ಅವರು ನೀರು ಕೇಳಿ ಕುಡಿದರು. ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಮಾತ್ರ ಅವರ ಮುಖ ಬೇರೆಯಾಯಿತು. ಎರಡೂ ಭುಜವನ್ನು ಮುಟ್ಟಿ ನೋಡಿಕೊಂಡು, “ನಾಳೆ ಬೆಳಗ್ಗೆ ಅಂಗಡಿಗೆ ಬನ್ನಿ. ಅದರ ಮುಂದೆ ನಿಲ್ಲಬೇಡಿ, ನೇರವಾಗಿ ಒಳಗೆ ಬನ್ನಿ” ಅಂದರು.

ಮರುದಿನ ತಮ್ಮ ಮುಂದಿನಿಂದಲೇ ಹಾದು ಹೋದೆ; ತಾವು ಸ್ವಾಗತ ಎಂದಿರಿ, ಗಡಿಬಿಡಿಯಲ್ಲಿ ಉತ್ತರಿಸಲಾಗಲಿಲ್ಲ, ಕ್ಷಮೆಯಿರಲಿ. ಹಿಂದಿನ ಕೋಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಉಡುಪುಗಳು ಚೀಟಿ ಅಂಟಿಸಿಕೊಂಡು ನೇತಾಡುತ್ತಿದ್ದವು. ಹೊಲಿಗೆ ಬಲ್ಲವರನ್ನೆಲ್ಲ ತಾವು ವಯಸ್ಸು ಸಾಲದೆ, ಅಂದರೆ ವಯಸ್ಸು ಹೆಚ್ಚಾಗಿ, ಹಿಂದಕ್ಕೆ ಕಳಿಸಿದ್ದರಿಂದ ಐದು ವಾರಗಳಿಂದ ಕೌಂಟರು ಮುಚ್ಚಿತ್ತು. ಕೌಂಟರಿನ ಮುಂದೆ ಒಬ್ಬ ವಕೀಲರು ಕೂಗಾಡುತ್ತಿದ್ದರು. ಅವರ ಒಳ್ಳೆಯ ಪ್ಯಾಂಟು ಒಳಗೆ ನೇತಾಡುತ್ತಿತ್ತು, ತೊಟ್ಟಿದ್ದ ಪ್ಯಾಂಟಿನ ಸೊಂಟವನ್ನು ನ್ಯಾಯಾಲಯದ ಕಡತದ ದಾರದಿಂದ ಬಿಗಿದುಕೊಂಡಿದ್ದರು, ಕೂಗುವಾಗ ಒಂದು ಕೈ ಆಡಿಸುತ್ತ ಇನ್ನೊಂದು ಕೈಯಿಂದ ಪ್ಯಾಂಟು ಹಿಡಿದುಕೊಳ್ಳಬೇಕಾಗಿತ್ತು. ಮೂವತ್ತರ ಆಸುಪಾಸಿನ ಮ್ಯಾನೇಜರು ಬೆವರುತ್ತಿದ್ದ. ನಾನು ಯಾರನ್ನೂ ಕೇಳದೆ ಆ ಪ್ಯಾಂಟನ್ನು ಕೆಳಗಿಳಿಸಿ, ಎಂಟು ನಿಮಿಷದಲ್ಲಿ ಸೊಂಟ ಸರಿಮಾಡಿ, ಇಸ್ತ್ರಿ ಎಳೆದು ಕೊಟ್ಟೆ. ವಕೀಲರು ತೊಟ್ಟು ಬಂದು, ಎರಡೂ ಕೈ ಮೇಲೆತ್ತಿ ನಿಂತು ನೋಡಿದರು. ಪ್ಯಾಂಟು ನಿಂತಿತು. ಅವರ ವಾದವೂ ನಿಂತಿತು.

ನಾಲ್ಕು ದಿನಗಳಲ್ಲಿ ಆ ಕೋಣೆ ಖಾಲಿಯಾಯಿತು. ನನ್ನ ಬೆನ್ನು ನೋಯುತ್ತಿತ್ತು, ಆದರೆ ಅದು ಗುರುತಿನ ನೋವು, ಬಹಳ ದಿನದ ಮೇಲೆ ಮನೆಗೆ ಬಂದ ನೆಂಟರಂತೆ ಸಂತೋಷವೇ ಆಯಿತು. ಮ್ಯಾನೇಜರು ಬಂದು ಕೈ ಕಟ್ಟಿ ನಿಂತ. “ಆಂಟಿ, ನಿಮ್ಮನ್ನ ಬಿಡೋ ಮಾತೇ ಇಲ್ಲ. ಆದ್ರೆ ಇಟ್ಕೊಳ್ಳೋದು ಹೇಗೆ? ನೀವು ಅದರಲ್ಲಿ ಇಲ್ವಲ್ಲ.” ಕಂಪ್ಯೂಟರಿನಲ್ಲಿ ತಮ್ಮ ಅಂಗಾಂಗಗಳನ್ನೆಲ್ಲ ಹೊಕ್ಕು ಹುಡುಕಿದ. ತಾತ್ಕಾಲಿಕ ನೌಕರರು, ಅದೇ ಪಟ್ಟಿ. ದಿನಗೂಲಿ, ಅದೇ ಪಟ್ಟಿ. ಸಂಜೆಯ ಹೊತ್ತಿಗೆ ಬಾಡಿಗೆ ಯಂತ್ರೋಪಕರಣಗಳು ಎಂಬ ಪುಟ ಸಿಕ್ಕಿತು. ಅಲ್ಲಿ ತಯಾರಾದ ವರ್ಷಕ್ಕೆ ಮಿತಿಯೇ ಇರಲಿಲ್ಲ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ, ಆಮೇಲೆ ಪರದೆ ನೋಡಿದ, ಆಮೇಲೆ ಬೆರಳಚ್ಚಿಸಿದ: ಹೊಲಿಗೆ ಯಂತ್ರ, ಒಂದು. ತಯಾರಾದ ವರ್ಷ, ನಾನು ಹುಟ್ಟಿದ ವರ್ಷ. ಸ್ಥಿತಿ, ಉತ್ತಮ, ಸ್ವಲ್ಪ ಸದ್ದು ಮಾಡುತ್ತದೆ.

ಹೆಂಗಸೆಂದು ಬಂದಾಗ ಆರು ದಿನ ಯೋಚಿಸಿ ಬಣ್ಣದ ಪೆನ್ಸಿಲು ಕಳಿಸಿದ ತಾವು, ಯಂತ್ರವೆಂದು ಬಂದಾಗ ರೆಪ್ಪೆ ಬಡಿಯುವಷ್ಟರಲ್ಲಿ ಹಸಿರು ಗುರುತು ಹಾಕಿ ಒಪ್ಪಿದಿರಿ. ಸ್ವಜನ ಪ್ರೇಮ ಎಂದರೆ ಹೀಗಿರಬೇಕು. ಜೊತೆಗೆ ಕಳಿಸಿದ ನಿಯಮಾವಳಿಯನ್ನು ಓದಿ ನನ್ನ ಕಣ್ಣು ತುಂಬಿತು. ಈ ಯಂತ್ರವನ್ನು ತೇವದ ಜಾಗದಲ್ಲಿ ಇಡಬಾರದು. ಸತತ ಆರು ಗಂಟೆಗಿಂತ ಹೆಚ್ಚು ಓಡಿಸಬಾರದು. ವರ್ಷಕ್ಕೆರಡು ಸಲ ನುರಿತವರಿಂದ ತಪಾಸಣೆ ಮಾಡಿಸಬೇಕು. ಬೆಂಕಿ, ನೆರೆ ಮತ್ತು ಇಲಿ ಕಡಿತಕ್ಕೆ ವಿಮೆ ಇದೆ. ಸ್ಥಳಾಂತರಿಸುವಾಗ ಇಬ್ಬರು ಎತ್ತಬೇಕು, ಎತ್ತಿಹಾಕಬಾರದು. ನಲವತ್ತಾರು ವರ್ಷ ಮನುಷ್ಯಳಾಗಿ ದುಡಿದಾಗ ನನ್ನ ಬಗ್ಗೆ ಇಷ್ಟು ಕಾಳಜಿಯಿಂದ ಬರೆದವರು ಯಾರೂ ಇರಲಿಲ್ಲ. ತಿಂಗಳ ಬಾಡಿಗೆಯೂ ಕೌಂಟರಿನ ಸಂಬಳಕ್ಕಿಂತ ಹೆಚ್ಚಿಗೆ ಇತ್ತು.

ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದೆ. ಮನೆಯ ಮೆಟ್ಟಿಲು ಹತ್ತುವಾಗ ನಗು ಯಾಕೋ ನಿಂತಿತು. ಮನೆ ಉಳಿಯಿತು, ನಿಜ. ಆದರೆ ಹೋಗುವಾಗ ಒಬ್ಬ ಹೆಂಡತಿಯಾಗಿ ಹೋದವಳು ಬರುವಾಗ ಸಾಮಾನಾಗಿ ಬಂದೆನಲ್ಲ, ಅದನ್ನು ಹೇಳಿಕೊಳ್ಳುವುದು ಹೇಗೆಂದು ತೋಚಲಿಲ್ಲ. ಹೇಳುವ ಕಷ್ಟವನ್ನು ಮ್ಯಾನೇಜರೇ ತಪ್ಪಿಸಿದ. ಮರುದಿನ ಸಂಜೆ ಕಾಗದಗಳನ್ನು ಹಿಡಿದು ಮನೆಗೇ ಬಂದು, ಯಜಮಾನರ ಮುಂದೆ ಹರಡಿ, “ಸರ್, ಯಂತ್ರದ ಮಾಲೀಕರು ಇಲ್ಲೊಂದು ಸಹಿ ಹಾಕ್ಬೇಕು. ಸುಮ್ನೆ ಒಂದು ಫಾರ್ಮಾಲಿಟಿ” ಅಂದ.

ಯಜಮಾನರು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಇಲಿ ಕಡಿತದ ಹತ್ತಿರ ಸ್ವಲ್ಪ ನಕ್ಕರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

“ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದೀನಿ ಕಣಪ್ಪ. ಯಾವ ಯಂತ್ರ ಯಾರದು ಅಂತ ನೋಡಿದ ತಕ್ಷಣ ಹೇಳ್ತೀನಿ. ಇದು ನಂದಲ್ಲ.”

“ಮತ್ತೆ ಯಾರದು ಸರ್?”

“ಅವಳದೇ. ಬಾಡಿಗೆಗೆ ಕೊಡ್ತಾಳೋ ಇಲ್ವೋ ಅವಳನ್ನೇ ಕೇಳು.”

ನಲವತ್ಮೂರು ವರ್ಷಗಳ ಸಂಸಾರದಲ್ಲಿ ಅವರು ನನ್ನ ಬಗ್ಗೆ ಆಡಿದ ಅತಿ ಉದ್ದದ ಮಾತು ಅದು, ಟೀ ಬಗ್ಗೆ ಆಡಿದವುಗಳನ್ನು ಬಿಟ್ಟರೆ. ನಾನು ಮುಖ ತಿರುಗಿಸಿಕೊಂಡು ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿದೆ. ಅದನ್ನು ನಾನು ಹಾಕಿಯೇ ಇರಲಿಲ್ಲ.

ಮ್ಯಾನೇಜರು ತನ್ನ ಕೈಯಲ್ಲಿದ್ದ ಸಣ್ಣ ಪರದೆಯಲ್ಲಿ ಮಾಲೀಕರ ನಮೂನೆ ತೆರೆದು ನನ್ನ ಮುಂದೆ ಹಿಡಿದ. ಹುಟ್ಟಿದ ವರ್ಷ ಕೇಳಿತು. ಪಟ್ಟಿ ಇಳಿಯತೊಡಗಿತು, ಮೊಮ್ಮಕ್ಕಳು, ಮಗಳು, ಮದುವೆ, ಮೊದಲ ಸಲ ಪಟ್ಟಿ ನಿಂತುಹೋಗಿದ್ದ ಆ ವರ್ಷ. ನಾನು ಉಸಿರು ಹಿಡಿದೆ. ಪಟ್ಟಿ ಅಲ್ಲಿ ನಿಲ್ಲದೆ ಜಾರುತ್ತಲೇ ಹೋಯಿತು, ನನ್ನನ್ನೂ ದಾಟಿ, ನನ್ನ ಅಮ್ಮನನ್ನೂ ದಾಟಿ, ಅಜ್ಜಿ ತೊಟ್ಟಿಲಲ್ಲಿದ್ದ ಕಾಲಕ್ಕೆ ಹೋಗಿ ಸೇರಿತು. ದುಡಿಯುವವರು ಐವತ್ತಾರಕ್ಕೆ ಮುಗಿದುಹೋಗಬೇಕು, ಬಾಡಿಗೆ ವಸೂಲು ಮಾಡುವವರು ಮಾತ್ರ ನೂರಿಪ್ಪತ್ತರವರೆಗೆ ಬಾಳಬಹುದು ಎಂಬ ತಮ್ಮ ಜೀವಶಾಸ್ತ್ರ ನನಗೆ ಅವತ್ತು ಅರ್ಥವಾಯಿತು. ಮೆಲ್ಲಗೆ ಹಿಂದಕ್ಕೆ ಎಳೆದೆ. ಎರಡು ವರ್ಷಗಳ ನಡುವೆ, ಉಳಿದವುಗಳಷ್ಟೇ ದಪ್ಪಕ್ಕೆ, ನನ್ನ ವರ್ಷ ಕೂತಿತ್ತು. ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. ಮ್ಯಾನೇಜರು, ಒತ್ತಿ ಆಂಟಿ ಅಂದ. ಒತ್ತಿದೆ. ಮಾಲೀಕಳಾದ ಕೂಡಲೇ ನನ್ನ ದನಿಯೂ ಬದಲಾಗಿರಬೇಕು, ಯಂತ್ರವನ್ನು ಮಧ್ಯಾಹ್ನ ಒಂದು ಗಂಟೆ ಆರಿಸಿಡಬೇಕು, ಯಂತ್ರವನ್ನು ಆಂಟಿ ಎನ್ನಬಾರದು ಎಂಬ ಎರಡು ಷರತ್ತುಗಳನ್ನು ಹಾಕಿದೆ. ಅವನು ಎರಡಕ್ಕೂ ತಲೆಯಾಡಿಸಿದ.

ಮನೆಯ ಬಾಡಿಗೆ ಕಟ್ಟಿದ್ದಾಯಿತು. ರಟ್ಟಿನ ಪೆಟ್ಟಿಗೆಗಳು ಅಟ್ಟಕ್ಕೆ ಮರಳಿದವು. ಕ್ಷೇಮಪಾಲನಾ ಅಧಿಕಾರಿ ತಮ್ಮ ವರದಿಯಲ್ಲಿ, ಸದರಿ ವಿಳಾಸದಲ್ಲಿ ಬಾಲ ಕಾರ್ಮಿಕರು ಯಾರೂ ಪತ್ತೆಯಾಗಲಿಲ್ಲ, ಒಂದು ಹೊಲಿಗೆ ಯಂತ್ರ ಮಾತ್ರ ಇದೆ ಎಂದು ಬರೆದರು; ಯಂತ್ರಕ್ಕೆ ಮದುವೆಯಾಗಿರುವ ಸಾಧ್ಯತೆ ಇಲ್ಲವಾದ್ದರಿಂದ ಯಜಮಾನರ ಮೇಲಿನ ವಿಚಾರಣೆ ಮುಕ್ತಾಯವಾಯಿತು. ಆ ವರದಿಯನ್ನು ಅವರು ಕನ್ನಡಕ ಹಾಕಿಕೊಂಡೇ ಬರೆದರಂತೆ. ಅದಾದ ಮೇಲೆ ಲಿಫ್ಟಿನಲ್ಲಿಯೇ ಇಳಿದರಂತೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಂತಿ ಬಹಳ ಸಣ್ಣದು. ತಮ್ಮ ಪಟ್ಟಿಯನ್ನು ಇನ್ನೊಂದು ಗೇಣು ಕೆಳಗಿಳಿಸಬೇಕು. ಬಟ್ಟೆ ಸಾಲದಿದ್ದರೆ ಅಂಚು ಬಿಚ್ಚಿ ನಾನೇ ಇಳಿಸಿಕೊಡುತ್ತೇನೆ. ನನ್ನಿಂದಲೂ ಅಧಿಕಾರಿಯವರಿಂದಲೂ ಇನ್ನೂ ಎಷ್ಟೋ ಜನರಿಂದಲೂ ತಾವು ಕಿತ್ತಿಟ್ಟುಕೊಂಡಿರುವ ವರ್ಷಗಳು ತಮ್ಮ ಹೊಟ್ಟೆಯೊಳಗೆ ಎಲ್ಲೋ ಇರಬೇಕು, ಅವುಗಳನ್ನು ಮಡಿಕೆ ಬೀಳದಂತೆ ಹಿಂದಿರುಗಿಸಬೇಕು. ಅದಾಗದಿದ್ದರೆ, ತಾವು ನನಗೆ ದಯಪಾಲಿಸಿದ ಬಾಲ್ಯ ಇನ್ನೂ ಬಾಕಿಯಿರುವುದರಿಂದ, ಶಾಲೆಯ ಮಕ್ಕಳಂತೆ ನನಗೂ ಬೇಸಿಗೆಯಲ್ಲಿ ಎರಡು ತಿಂಗಳು ರಜೆ ಮಂಜೂರು ಮಾಡಬೇಕು. ಮತ್ತು ನನ್ನ ತಂಗಿಗೆ ಒಂದು ಸಾಲಿನ ಪತ್ರ ಬರೆದು, ಅವಳು ಈಗಲೂ ತಂಗಿಯೇ ಎಂದು ತಮ್ಮ ಮೊಹರಿನೊಂದಿಗೆ ದೃಢೀಕರಿಸಬೇಕು. ನಾನು ಹೇಳಿದರೆ ಕೇಳುತ್ತಿಲ್ಲ.

ತಮ್ಮಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ತೇವವಿಲ್ಲದ ಜಾಗದಲ್ಲಿ ಕೂತು ದುಡಿಯುತ್ತಿರುವ,

ತಮ್ಮ ವಿಶ್ವಾಸಿ,
ಕತ್ತರಿಯಮ್ಮ
ಹೊಲಿಗೆ ಯಂತ್ರ ಮತ್ತು ಅದರ ಮಾಲೀಕಳು

ತಾ.ಕ.: ಈ ಸುದ್ದಿ ನನ್ನ ಬಾಯಿಂದ ಹೊರಗೆ ಹೋಗಿಲ್ಲ, ಆದರೆ ಟಿಕೆಟ್ ಕಿಂಡಿಯ ದನಿಯವಳೊಬ್ಬಳು ನಮ್ಮ ಮನೆಗೆ ದಿನಾ ಬರುತ್ತಾಳೆ ಎಂಬುದು ತಮಗೆ ಗೊತ್ತೇ ಇದೆ. ಸೋಮವಾರ ಬೆಳಗ್ಗೆ ತಮ್ಮ ಮಳಿಗೆಗೆ ಅರವತ್ತೆಂಟು ವರ್ಷ ಹಳೆಯ ಒಂದು ಲೆಕ್ಕದ ಯಂತ್ರ, ಬ್ಯಾಂಕಿನಿಂದ ನಿವೃತ್ತವಾದದ್ದು; ಎಪ್ಪತ್ತೊಂದು ವರ್ಷ ಹಳೆಯ ಒಂದು ಇಸ್ತ್ರಿಪೆಟ್ಟಿಗೆ, ಹಲ್ಲು ಕಟ್ಟಿಸಿಕೊಂಡದ್ದು; ಪ್ರಕಟಣೆ ಕೂಗಲು ಅರವತ್ತು ವರ್ಷದ ಒಂದು ಧ್ವನಿವರ್ಧಕ, ಆರಿಸುವ ಗುಂಡಿ ಇಲ್ಲದ್ದು; ಹೀಗೆ ಒಟ್ಟು ಇಪ್ಪತ್ಮೂರು ಯಂತ್ರೋಪಕರಣಗಳು ಬಾಡಿಗೆಗೆ ಬರಲಿವೆ. ಎಲ್ಲವೂ ಅವರವರ ಸ್ವಂತದ್ದೇ. ನಿಯಮದಂತೆ ಒಂದೊಂದನ್ನು ಎತ್ತಲು ಇಬ್ಬಿಬ್ಬರು ಬೇಕಾಗುವುದರಿಂದ ನಲವತ್ತಾರು ಆಳುಗಳನ್ನು ಸಿದ್ಧವಾಗಿಡಿಸಬೇಕು, ಮತ್ತು ತಾವು ದಾರಿಗೆ ಅಡ್ಡವಾಗುವ ಕಾರಣ ಅವತ್ತೊಂದು ದಿನ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಬೇಕೆಂದು ಕೋರಿಕೆ. ಬೋಲ್ಟು ಬಿಚ್ಚಲು ನಮ್ಮ ಯಜಮಾನರು ಸ್ಪ್ಯಾನರು ಹಿಡಿದುಕೊಂಡು ಬರುತ್ತಾರೆ.